ಪಡುವಣ ಬದಿಯ ಎಲೆಗಳು

ತೋಟದ ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇರುವೆಮರಿಗೆ,

ಮೊದಲು ನಿನ್ನ ಕೆಮ್ಮಿನ ವಿಷಯ. ಹೋದ ಭಾನುವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ‘ಗಾಜಿನ ಮನೆಯ ಧೂಳಪ್ಪಾ, ಏನಿಲ್ಲ’ ಎಂದೆ. ನಿನ್ನಮ್ಮ ನಂಬಿಲ್ಲ. ಅವಳ ಪ್ರಕಾರ ಜಗತ್ತಿನ ಎಲ್ಲ ಕೆಮ್ಮಿಗೂ ಕಾರಣ ಒಂದೇ, ಒದ್ದೆ ತಲೆಯಲ್ಲಿ ಕಿಟಕಿ ತೆರೆಯುವುದು. ಬಿಸಿನೀರು ಕುಡಿ, ಊಟದ ಹೊತ್ತಿಗೆ ಊಟ ಮಾಡು, ಮಲಗುವಾಗ ಕತ್ತಿಗೆ ಬಟ್ಟೆ ಸುತ್ತಿಕೋ. ಕತ್ತಿಗೆ ಎಂದರೆ ನಿನ್ನ ಕತ್ತಿಗೆ, ಕಸಿ ಕಟ್ಟುವ ಕತ್ತಿಗಲ್ಲ. ನಿನ್ನನ್ನು ಬಲ್ಲೆನಾದ್ದರಿಂದ ಬಿಡಿಸಿ ಹೇಳುತ್ತಿದ್ದೇನೆ. ಅದನ್ನು ಮೂರು ಸುತ್ತು ಸುತ್ತಿ ಪೆಟ್ಟಿಗೆಯಲ್ಲಿಟ್ಟು ನೀನು ಮಾತ್ರ ಬರಿಗತ್ತಿನಲ್ಲಿ ಮಲಗುವವಳು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನಮ್ಮನ ಮಂಡಿ ಹತ್ತುವಾಗ ಅಳುತ್ತದೆ, ಇಳಿಯುವಾಗ ಬೈಯುತ್ತದೆ, ಸಮತಟ್ಟಿನಲ್ಲಿ ಸುಮ್ಮನಿರುತ್ತದೆ. ನನ್ನ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ಡಾಕ್ಟರು ಖುಷಿಪಟ್ಟರು. ಮಾತಿನಲ್ಲೂ ಇಳಿದಿದೆ ಎಂದು ನಿನ್ನಮ್ಮ ಅಲ್ಲೇ ಸೇರಿಸಿದಳು.

ನೀನು ಅಲ್ಲಿರುವೆ, ನಾನು ಇಲ್ಲಿರುವೆ, ಆದರೂ ಈ ಮನೆಗೆ ಇರುವೆ ಒಬ್ಬಳೇ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಮಣ್ಣು ಕೆದಕಿ ಕೆದಕಿ ಆ ಹೆಸರನ್ನು ನೀನೇ ಸಂಪಾದಿಸಿಕೊಂಡದ್ದು. ನೋಡಿದೆಯಾ, ಹೇಳಬೇಕಾದ್ದನ್ನು ಬಿಟ್ಟು ಇರುವೆಯ ಬಾಲ ಹಿಡಿದು ಹೊರಟೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಹುಡುಗರು ನನಗೆ ಕೊಳವೆಬಾವಿ ಎಂದು ಹೆಸರಿಟ್ಟದ್ದು ಸುಮ್ಮನೆಯಲ್ಲ. ಎಷ್ಟು ಕೊರೆದರೂ ನೀರು ಬರುವುದಿಲ್ಲ ಎಂದು. ಫೋನಿನಲ್ಲಂತೂ ಇನ್ನೂ ಕಷ್ಟ. ನೀನು ‘ಅಪ್ಪಾ, ತೋಟ ಹೇಗಿದೆ?’ ಎನ್ನುತ್ತೀ, ನನ್ನ ಬಾಯಿ ನನ್ನನ್ನು ಕೇಳದೆಯೇ ‘ಫಸ್ಟ್ ಕ್ಲಾಸ್’ ಎಂದುಬಿಡುತ್ತದೆ. ಅದಕ್ಕೇ ಈ ಕಾಗದ. ಇವತ್ತು ಸಂಜೆ ಸಸಿ ಡಿಪೋದ ವ್ಯಾನು ನಿಮ್ಮ ತರಬೇತಿ ಕೇಂದ್ರಕ್ಕೆ ಹೊರಡುತ್ತದೆ, ನಾಳೆ ನಿನ್ನ ಕೈಗೇ ಕೊಡುತ್ತೇನೆಂದು ಡ್ರೈವರ್ ಮಾತು ಕೊಟ್ಟಿದ್ದಾನೆ. ರಾತ್ರಿ ನೀನು ಫೋನ್ ಮಾಡಿದಾಗ ನಿನ್ನಮ್ಮ ಎತ್ತುತ್ತಾಳೆ, ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಾಳೆ. ಈಗಲೇ ಹೇಳಿಬಿಡುತ್ತೇನೆ, ನಾನು ಸ್ನಾನಕ್ಕೆ ಹೋಗಿರುವುದಿಲ್ಲ. ಅವಳ ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿರುತ್ತೇನೆ.

ನೀನು ಮೂರು ಸಲ ಕೇಳಿದ ಪ್ರಶ್ನೆಗೆ ಬರುತ್ತೇನೆ. ‘ಬೆಳೆಗಾರರ ಸಂಘದೋರು ಬಂದು ಮೇಲಿನ ತೋಟ ನೋಡಿದ್ರಾ? ಏನಂದ್ರು?’ ಮೂರು ಸಲವೂ ನಾನು ‘ಬಂದ್ರು, ಖುಷಿಯಾಗಿ ಹೋದ್ರು’ ಎಂದೆ. ಅವರು ಬಂದದ್ದು ನಿಜ, ಹೋದದ್ದೂ ನಿಜ. ನಡುವಿನ ಪದ ಮಾತ್ರ ನನ್ನದು. ಆ ತೋಟ ನಿನಗೆ ಏನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಸಂಘದವರು ಅದನ್ನು ಕಲಿಕೆಯ ತೋಟ ಎಂದು ಆರಿಸಿದರೆ, ನೀನು ತರಬೇತಿ ಮುಗಿಸಿ ಬಂದ ಮೇಲೆ ಸುತ್ತಲಿನ ಬೆಳೆಗಾರರೆಲ್ಲ ಅಲ್ಲಿಗೆ ಬಂದು ನಿನ್ನಿಂದ ಕಲಿಯುತ್ತಾರೆ: ಬಿಸಿಲು ಹೆಚ್ಚಿ ನೀರು ತಗ್ಗುತ್ತಿರುವ ಈ ಕಾಲದಲ್ಲಿ ದ್ರಾಕ್ಷಿಬಳ್ಳಿಯನ್ನು ಗಟ್ಟಿಗಿತ್ತಿಯಾಗಿ ಬೆಳೆಸುವುದು ಹೇಗೆ ಎಂದು. ಆರಿಸದಿದ್ದರೆ, ಐದು ವರ್ಷದಿಂದ ನೀನು ಮಾಡಿದ್ದೆಲ್ಲ ಒಬ್ಬ ಹುಡುಗಿಯ ಹುಚ್ಚು ಎನ್ನಿಸಿಕೊಂಡು ಬೇಲಿಯ ಒಳಗೇ ಉಳಿಯುತ್ತದೆ. ಹೊರಡುವ ದಿನ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡು ಇನ್ನೊಂದು ಕೈಯ ಬೆರಳನ್ನು ನನ್ನ ಮೂಗಿನ ಮುಂದೆ ಆಡಿಸುತ್ತ ನೀನು ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪಿದೆ. ‘ಅಪ್ಪಾ, ನಿನ್ನ ಕೆಲಸ ಏನೂ ಮಾಡದೇ ಇರೋದು. ಸಾಲಿನ ನಡುವೆ ಹುಲ್ಲು ಬೆಳೀಲಿ, ಕತ್ತರಿಸ್ಬೇಡ. ಬಿಸಿಲು ಏರೋ ಮುಂಚೆ ಉರುಳೆ ಹಾಯ್ಸಿ ಮಲಗಿಸ್ಬಿಡು, ಮಣ್ಣಿಗೆ ಅದೇ ಚಾಪೆ. ನೀರು ಅಪರೂಪಕ್ಕೆ ಕೊಡು, ಕೊಟ್ಟಾಗ ಆಳಕ್ಕೆ ಹೋಗೋ ಹಾಗೆ ಕೊಡು. ಬೆಳಗಿನ ಬಿಸಿಲು ಬೀಳೋ ಬದಿಯಲ್ಲಿ ಬೇಕಾದ್ರೆ ಒಂದೆರಡು ಎಲೆ ಬಿಡಿಸು. ಪಡುವಣ ಬದಿ ಎಲೆ ಮಾತ್ರ ಮುಟ್ಬೇಡ.’ ನಾನು ತಲೆಯಾಡಿಸಿದೆ. ತರ್ಕಶಾಸ್ತ್ರದ ತರಗತಿಯಲ್ಲಿ ಹಿಂದಿನ ಬೆಂಚಿನವರು ನನಗೆ ತಲೆಯಾಡಿಸುತ್ತಿದ್ದ ಹಾಗೆಯೇ ಆಡಿಸಿದೆ. ಪರೀಕ್ಷೆಯಲ್ಲಿ ಅವರೆಲ್ಲ ಏನು ಮಾಡುತ್ತಿದ್ದರೆಂದು ನಿನಗೆ ಗೊತ್ತು.

ಈಗ ದುರ್ಬೀನಿನ ವಿಷಯ. ಪಕ್ಕದ ತೋಟದ ಯಜಮಾನರಿಗೆ ಆ ಹೆಸರಿಟ್ಟವಳು ನೀನೇ, ದಿನಕ್ಕೆ ನಾಲ್ಕು ಸಲ ಬೇಲಿಗೆ ಬಂದು ನಮ್ಮ ಕಡೆ ಕಣ್ಣು ನೆಡುತ್ತಾರೆಂದು. ಅವರ ಸಾಲುಗಳು ನಿನಗೆ ಗೊತ್ತಲ್ಲ, ಗುಡಿಸಿ ಸಾರಿಸಿದ ಹಜಾರದ ಹಾಗೆ, ಒಂದು ಹುಲ್ಲುಕಡ್ಡಿ ಇಲ್ಲ, ದಿನಾ ಬೆಳಿಗ್ಗೆ ನೀರು. ನಮ್ಮ ಮೇಲಿನ ತೋಟದಲ್ಲಿ ಸೊಂಟದೆತ್ತರ ಹುಲ್ಲು, ಅದರಲ್ಲಿ ಹಳದಿ ಹೂ, ಹೂವಿನಲ್ಲಿ ನೂರೆಂಟು ಹುಳ. ನೀನು ಹೋದ ಮೇಲೆ ಅವರು ಪ್ರತಿದಿನ ಬೇಲಿಯ ಆಚೆಯಿಂದ, ‘ಏನ್ ಮೇಷ್ಟ್ರೇ, ಮಗಳು ದ್ರಾಕ್ಷಿ ಬೆಳೀತಿದಾಳೋ, ಹಸು ಕಟ್ಟೋಕೆ ತಯಾರಿ ಮಾಡ್ತಿದಾಳೋ?’ ಎನ್ನುವುದು. ‘ಒಳಗೆ ಹೋಗ್ಬೇಡಿ, ಕಳೆದು ಹೋದ್ರೆ ಹುಡುಕೋಕೆ ಜನ ಕಳಿಸ್ಬೇಕಾಗತ್ತೆ’ ಎನ್ನುವುದು. ಒಂದು ದಿನ ಮಾತ್ರ ನಗದೆ, ‘ಓದಿಸಿದ್ದು ಸ್ವಲ್ಪ ಜಾಸ್ತಿ ಆಯ್ತೇನೋ ನೋಡಿ’ ಎಂದರು. ಆಗ ನಾನು ನಿನ್ನ ಪರವಾಗಿ ಎರಡು ಮಾತು ಆಡಬೇಕಿತ್ತು. ಆಡಿದೆ. ‘ನಮ್ಮ ಹುಡುಗಿ ಪದವಿ ಮಾಡಿದ್ದು ಹುಲ್ಲಿನಲ್ಲಿ ಸ್ವಾಮಿ, ದ್ರಾಕ್ಷಿ ಬರೀ ಐಚ್ಛಿಕ ವಿಷಯ’ ಎಂದೆ. ಅವರು ಬೇಲಿಯ ತಂತಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಜೋಕು ಚೆನ್ನಾಗಿ ಕೂತಿತು ಎಂದು ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲೂ ಒಬ್ಬನೇ ನಕ್ಕೆ. ಇದನ್ನು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ.

ಸಂಘದವರು ಬರುವ ವಾರ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ಮನೆಗೆ ನಾಲ್ಕು ಜನ ಬರುತ್ತಾರೆಂದರೆ ನಾವು ಗುಡಿಸುವುದಿಲ್ಲವೇ? ಕಳೆ ತೆಗೆದರೆ ತೋಟಕ್ಕೂ ಕಳೆ ಬರುತ್ತದೆ ಎಂದೆ. ಪದ ಒಂದೇ ಆದರೆ ವಸ್ತುವೂ ಒಂದೇ ಎಂದುಕೊಳ್ಳಬಾರದೆಂದು ಮೂವತ್ತು ವರ್ಷ ಪಾಠ ಹೇಳಿದವನ ತರ್ಕ ಇದು. ನಿನ್ನಮ್ಮ ಬಾಗಿಲಲ್ಲಿ ನಿಂತು, ‘ರೀ, ಅವಳು ಮುಟ್ಬೇಡಿ ಅಂದಿದ್ಲು. ಸುಮ್ನೆ ಇರೋಕೆ ನಿಮಗೇನು ಕಷ್ಟ?’ ಎಂದಳು. ‘ನೀನು ಸುಮ್ನಿರು’ ಎಂದೆ. ‘ಅದನ್ನೇ ನಿಮಗೆ ಹೇಳ್ತಿರೋದು’ ಎಂದು ಒಳಗೆ ಹೋದಳು. ಹುಲ್ಲು ಕತ್ತರಿಸುವ ಯಂತ್ರವನ್ನು ದುರ್ಬೀನೇ ಸಂತೋಷದಿಂದ ಕಳಿಸಿಕೊಟ್ಟರು. ಕೂಲಿಯವರನ್ನು ಕರೆಸಿ ಮೇಲಿನ ತೋಟದ ಹುಲ್ಲನ್ನು ಬುಡಮಟ್ಟ ಬೋಳಿಸಿದೆ. ಕತ್ತರಿಸಿದ್ದು ಅಲ್ಲೇ ಬಿದ್ದಿದ್ದರೂ ಮಣ್ಣಿಗೆ ಹೊದಿಕೆಯಾಗುತ್ತಿತ್ತು. ಅಸಹ್ಯವಾಗಿ ಕಾಣುತ್ತದೆಂದು ಅದನ್ನೂ ಗೋರಿ ಆಚೆ ಹಾಕಿಸಿದೆ. ಕಂಬಗಳಿಗೆ ಸುಣ್ಣ ಹೊಡೆಸಿದೆ. ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು, ಬರುವವರ ಕಣ್ಣಿನಿಂದ ನೋಡಿದೆ. ರಸ್ತೆ ಇರುವುದು ಪಡುವಣಕ್ಕೆ. ಬಂದವರಿಗೆ ಮೊದಲು ಕಾಣುವುದು ಸಾಲುಗಳ ಆ ಮುಖವೇ, ಆ ಮುಖದ ತುಂಬ ಬರೀ ಎಲೆ. ಇಷ್ಟು ಚೆಂದದ ಗೊಂಚಲುಗಳು ಎಲೆಯ ಹಿಂದೆ ಅಡಗಿ ಕೂತರೆ ನೋಡುವವರಿಗೇನು ಕಂಡೀತು? ಮುಟ್ಟಬೇಡ ಎಂಬ ಮಾತು ಮರೆತಿತ್ತು ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಒಂದೇ ಒಂದು ದಿನದ ಮಟ್ಟಿಗೆ ತಾನೇ ಎಂದುಕೊಂಡೆ, ಕಿತ್ತ ಎಲೆ ಮರುದಿನ ವಾಪಸು ಹೋಗಿ ಅಂಟಿಕೊಳ್ಳುತ್ತದೇನೋ ಎಂಬ ಹಾಗೆ. ನೀನು ಆ ಬಳ್ಳಿಗಳನ್ನು ಐದು ವರ್ಷ ಸವರಿದೆ. ನಾನೂ ಎರಡೇ ದಿನದಲ್ಲಿ ಸವರಿದೆ, ಇನ್ನೊಂದು ಅರ್ಥದಲ್ಲಿ: ಪಡುವಣ ಬದಿಯ ಎಲೆಗಳನ್ನೆಲ್ಲ ಕೀಳಿಸಿಬಿಟ್ಟೆ. ಸಂಜೆ ನೋಡಿದರೆ ಸಾಲುಗಳು ಅಂಗಡಿಯ ಗಾಜಿನ ಹಿಂದೆ ಜೋಡಿಸಿಟ್ಟ ಹಾಗಿದ್ದವು. ದುರ್ಬೀನು ಬೇಲಿಯಿಂದಲೇ ಕೈಯೆತ್ತಿ, ‘ಈಗ ನೋಡಿ ಮೇಷ್ಟ್ರೇ, ತೋಟ ಅಂದ್ರೆ ಇದು!’ ಎಂದರು. ಎಷ್ಟೋ ತಿಂಗಳ ನಂತರ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸಂಘದಿಂದ ಬಂದವರು ಮೂವರು. ಮುಖ್ಯಸ್ಥೆ ಐವತ್ತರ ಆಸುಪಾಸಿನ ಹೆಂಗಸು, ಕೈಚೀಲ ಹಿಡಿಯುವ ಹಾಗೆ ಗುದ್ದಲಿ ಹಿಡಿದುಕೊಂಡೇ ಕಾರಿನಿಂದ ಇಳಿದರು. ಮನಸ್ಸಿನಲ್ಲೇ ಗುದ್ದಲಿ ಮೇಡಂ ಎಂದು ಹೆಸರಿಟ್ಟುಕೊಂಡೆ. ನನ್ನ ಸ್ವಾಗತ ಭಾಷಣ ಸಿದ್ಧವಾಗಿತ್ತು, ಅವರು ಅದನ್ನು ಕೇಳದೆ ನೆಲ ನೋಡುತ್ತಿದ್ದರು. ‘ಹುಲ್ಲೆಲ್ಲಿ ಸರ್?’ ಎಂದರು. ಇದಕ್ಕೇ ಕಾಯುತ್ತಿದ್ದವನ ಹಾಗೆ, ‘ಕಳೆ ಎಲ್ಲಾ ಕಳೆದುಬಿಟ್ವಿ ಮೇಡಂ!’ ಎಂದೆ. ಯಾರೂ ನಗಲಿಲ್ಲ. ಜೊತೆಯಲ್ಲಿದ್ದ ಒಬ್ಬ ತನ್ನ ಬೂಟು ನೋಡಿಕೊಂಡ. ಮೇಡಂ ಕುಕ್ಕರಗಾಲಲ್ಲಿ ಕೂತು ಬೋಳು ಮಣ್ಣಿನ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದರು. ‘ನಾವು ನೋಡೋಕೆ ಬಂದಿದ್ದೇ ಆ ಹುಲ್ಲನ್ನ ಸರ್. ಅದರ ಕೆಳಗೆ ಮಣ್ಣು ಎಷ್ಟು ತಣ್ಣಗಿರುತ್ತೆ ಅಂತ ನಿಮ್ಮ ಮಗಳು ಹೋದ ವರ್ಷ ತೋರಿಸಿದ್ರು’ ಎಂದರು. ನಾನು ಸುಣ್ಣದ ಕಂಬಗಳ ಕಡೆ ಕೈ ತೋರಿಸಬೇಕೆಂದಿದ್ದೆ, ಕೈ ಏಳಲಿಲ್ಲ. ಆಮೇಲೆ ಅವರು ಒಂದು ಬಳ್ಳಿಯಿಂದ ಸ್ವಲ್ಪ ದೂರದಲ್ಲಿ ಗುಂಡಿ ತೋಡಿದರು. ಮೇಲೆ ಗಡಸು ಹೆಂಟೆ, ಆದರೆ ತೋಳುದ್ದ ಇಳಿದ ಮೇಲೆ ಮಣ್ಣು ಕಪ್ಪಗೆ, ತಣ್ಣಗೆ, ಹಿಡಿದರೆ ಉಂಡೆಯಾಗುವ ಹಾಗೆ. ಅದರೊಳಗೆ ನಿನ್ನ ಬಳ್ಳಿಯ ಬೇರು, ನೂಲಿನ ಹಾಗೆ ಎಳೆಯೆಳೆಯಾಗಿ ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಮೇಡಂ ಗುಂಡಿಯೊಳಗಿನಿಂದಲೇ, ‘ಇಷ್ಟು ಆಳಕ್ಕೆ ಬೇರು ಇಳಿಸಿರೋ ತೋಟ ನಾನು ಈ ಸುತ್ತಿನಲ್ಲಿ ಇನ್ನೊಂದು ನೋಡಿಲ್ಲ’ ಎಂದರು. ನನಗೆ ಒಂದು ಗಳಿಗೆ ಎದೆ ಉಬ್ಬಿತು, ನಾನೇ ಇಳಿಸಿದ ಹಾಗೆ. ಅವರು ಎದ್ದು ನಿಂತು ಮಣ್ಣು ಕೊಡವಿಕೊಂಡು ಪಡುವಣ ಬದಿ ನೋಡಿದರು. ‘ಕೆಳಗೆ ಇಷ್ಟೆಲ್ಲಾ ಮಾಡಿ ಮೇಲೆ ಯಾಕೆ ಹೀಗೆ? ಇದು ಯಾರ ತೀರ್ಮಾನ?’ ಎಂದು ಕೇಳಿದರು. ನಾನು ಏನೋ ಒಂದು ಹೇಳಿದೆ. ಅವರು ಗುದ್ದಲಿ ಒರೆಸಿಕೊಂಡು, ಆಮೇಲೆ ತಿಳಿಸ್ತೀವಿ ಎಂದು ಹೊರಟರು. ನಿನ್ನಮ್ಮ ಕಾಫಿ ತಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ನಿಂತೇ ಇದ್ದಳು.

ಅದಾದ ಮೇಲೆ ಬಿಸಿಗಾಳಿ. ನಿಮ್ಮ ಕಡೆಯೂ ಸುದ್ದಿ ಬಂದಿರಬೇಕು, ನೀನು ಫೋನಿನಲ್ಲಿ ‘ನಮ್ಮ ತೋಟಕ್ಕೆ ಏನೂ ಆಗಲ್ಲಪ್ಪಾ, ಚಾಪೆ ಇದೆ, ಕೊಡೆ ಇದೆ’ ಎಂದು ನನಗೇ ಧೈರ್ಯ ಹೇಳಿದೆ. ನಾನು ಹೂಂ ಎಂದೆ. ಚಾಪೆ ಆಚೆ ದಿಬ್ಬದಲ್ಲಿ ಕೊಳೆಯುತ್ತಿತ್ತು, ಕೊಡೆಯಾಗಬೇಕಿದ್ದ ಎಲೆ ಗೊಬ್ಬರದ ಗುಂಡಿಯಲ್ಲಿತ್ತು. ಮೊದಲ ದಿನ ಮಧ್ಯಾಹ್ನ ಗೊಂಚಲುಗಳ ಪಡುವಣ ಕೆನ್ನೆ ಕಂದಿತು. ಎರಡನೆಯ ದಿನ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಹಣ್ಣು ಒಳಕ್ಕೆ ಕುಸಿಯಿತು, ಹಲ್ಲು ಬಿದ್ದ ಬಾಯಿಯ ಹಾಗೆ. ಹುಟ್ಟಿದಾಗಿನಿಂದ ಮಧ್ಯಾಹ್ನದ ಸೂರ್ಯನ ಮುಖ ನೋಡದಿದ್ದ ಹಣ್ಣುಗಳವು; ಕಾಯಿಯಾಗಿದ್ದಾಗಲೇ ಬಿಸಿಲಿಗೆ ಬಿಟ್ಟಿದ್ದರೆ ಸಿಪ್ಪೆ ಗಟ್ಟಿಯಾಗುತ್ತಿತ್ತಂತೆ, ಹಣ್ಣಾಗುವ ಹೊತ್ತಿಗೆ ತೆರೆದಿಟ್ಟರೆ ಸುಟ್ಟೇ ಹೋಗುತ್ತದಂತೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ನಿನ್ನ ಕಪಾಟಿನಲ್ಲೇ ಆ ಪುಸ್ತಕ ಇತ್ತು. ನೆರಳಿಲ್ಲದೆ ನರಳಿದವು ಎಂದು ಬರೆದರೆ ಚೆಂದವಾಗಿ ಕೇಳುತ್ತದೆ, ಬರೆದೂ ಬಿಟ್ಟೆ. ಆದರೆ ಅಲ್ಲಿ ನಿಂತಿದ್ದಾಗ ಯಾವ ಅಕ್ಷರವೂ ಹೊಳೆಯಲಿಲ್ಲ. ತೋಟದ ತುಂಬ ತಳ ಹಿಡಿದ ಜಾಮಿನ ವಾಸನೆ. ಚಪ್ಪಲಿಯ ಮೂಲಕ ನೆಲ ಸುಡುತ್ತಿತ್ತು.

ಎರಡನೆಯ ದಿನ ಮನೆಗೆ ಓಡಿಬಂದು ಮಂಚದ ಮೇಲಿನ ಬೆಡ್‌ಶೀಟು ಎಳೆದುಕೊಂಡು ಹೋದೆ. ತಂತಿಗೆ ಬಟ್ಟೆ ಕ್ಲಿಪ್ಪು ಹಾಕಿ ಪಡುವಣ ಬದಿಗೆ ತೂಗುಬಿಟ್ಟೆ. ಅದರ ಹಿಂದಿನ ಹಣ್ಣು ಮುಟ್ಟಿ ನೋಡಿದರೆ ಬಿಸಿ ಕಡಿಮೆ. ಸರಿ, ಮನೆಯಲ್ಲಿದ್ದ ಅಗಲವಾದದ್ದೆಲ್ಲ ಹೊರಟಿತು: ಚಾದರ, ಮೇಜಿನ ಹೊದಿಕೆ, ನನ್ನ ಕಾಲೇಜಿನ ಕಪ್ಪು ಗೌನು. ಗೌನನ್ನು ಆಮೇಲೆ ತೆಗೆದೆ, ಕಪ್ಪು ಬಟ್ಟೆ ಬಿಸಿಲನ್ನು ಇನ್ನಷ್ಟು ಕುಡಿಯುತ್ತದೆ. ಪದವಿ ಅಲ್ಲೂ ಉಪಯೋಗಕ್ಕೆ ಬರಲಿಲ್ಲ. ‘ಅದು ಹೊಸ ಬೆಡ್‌ಶೀಟ್ ಕಣ್ರೀ!’ ಎಂದು ಕೂಗಿದ ನಿನ್ನಮ್ಮ ಸ್ವಲ್ಪ ಹೊತ್ತಿಗೆ ನೋವಿನ ಮಂಡಿಯಲ್ಲೇ ಸ್ಟೂಲು ಹತ್ತಿ ಹಜಾರದ ಪರದೆಗಳನ್ನೆಲ್ಲ ಕಳಚಿ ಹೆಗಲ ಮೇಲೆ ಹೊತ್ತುಕೊಂಡು ಬಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೇಲಿಯಾಚೆಯಿಂದ ದುರ್ಬೀನು, ‘ಏನ್ ಮೇಷ್ಟ್ರೇ, ಲಾಂಡ್ರಿ ಶುರು ಮಾಡಿದ್ರಾ?’ ಎಂದರು. ನಾನು ತಂತಿಗೆ ಇನ್ನೊಂದು ಕ್ಲಿಪ್ಪು ಹಾಕಿದೆ. ಅವರು ಸ್ವಲ್ಪ ಹೊತ್ತು ನೋಡಿದರು, ನಗು ನಿಲ್ಲಿಸಿದರು, ಹೋದರು. ಅರ್ಧ ಗಂಟೆಯ ಮೇಲೆ ಹಳೆಯ ನೆರಳುಬಲೆಯ ಸುರುಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬಂದು ಬೇಲಿಯ ಮೇಲಿಂದ ಈಚೆಗೆ ಎಸೆದರು. ‘ನಂದೂ ಹೋಯ್ತು ಮೇಷ್ಟ್ರೇ, ಬಾವಿ ಕೆಳಗಿಳೀತು. ದಿನಾ ನೀರು ಕುಡಿದು ಅಭ್ಯಾಸ ಆದ ಬಳ್ಳಿಗಳು, ಎಲೆ ಎಲ್ಲಾ ಉದುರಿಸ್ಕೊಂಡು ನಿಂತಿವೆ. ನಿಮ್ಮ ಮಗಳ ಬಳ್ಳಿ ಮಾತ್ರ ನೋಡಿ, ಉಳಿದ ಎಲೆ ಒಂದೂ ಬಾಡಿಲ್ಲ’ ಎಂದರು. ಆ ಮನುಷ್ಯನ ಬಾಯಲ್ಲಿ ನಿನ್ನ ಹೊಗಳಿಕೆ ಕೇಳಿದ ಮೊದಲ ದಿನ ನಾನು ಕೈಯಲ್ಲಿ ದಿಂಬಿನ ಚೀಲ ಹಿಡಿದುಕೊಂಡು ನಿಂತಿದ್ದೆ.

ಈಗಿನ ಸ್ಥಿತಿ ಮರೆಮಾಚದೆ ಬರೆಯುತ್ತೇನೆ. ಮೇಲಿನ ತೋಟದ ಹಣ್ಣಿನಲ್ಲಿ ಕಾಲುಭಾಗ ಉಳಿದಿದೆ, ಬೆಡ್‌ಶೀಟು, ಪರದೆ, ದುರ್ಬೀನಿನ ಬಲೆಯ ಹಿಂದೆ ಇದ್ದದ್ದು. ಮಿಕ್ಕಿದ್ದು ಹೋಯಿತು. ಬಳ್ಳಿ ಮಾತ್ರ ಒಂದೂ ಹೋಗಿಲ್ಲ. ನೀನು ಹೇಳಿಕೊಟ್ಟ ಹಾಗೆ ಉರಿಬಿಸಿಲಿನಲ್ಲಿ ಎಲೆಯನ್ನು ಕೆನ್ನೆಗೆ ಒತ್ತಿ ನೋಡಿದೆ, ತಣ್ಣಗಿತ್ತು. ಅಂದರೆ ಬೇರಿಗೆ ಇನ್ನೂ ನೀರು ಸಿಗುತ್ತಿದೆ. ನಾನು ಕಿತ್ತ ಎಲೆಗಳ ತೊಟ್ಟಿನ ಕಂಕುಳಲ್ಲಿ ಮೊನ್ನೆಯಿಂದ ಸಣ್ಣ ಕುಡಿಗಳು ಹೊರಟಿವೆ, ಬೆರಳುಗುರಿನಷ್ಟು ಎಲೆ, ಪಡುವಣಕ್ಕೇ ಮುಖ ಮಾಡಿಕೊಂಡು. ತನ್ನ ಕೊಡೆಯನ್ನು ತಾನೇ ಮತ್ತೆ ಹೊಲಿದುಕೊಳ್ಳುತ್ತಿದೆ. ಸುಟ್ಟ ಗೊಂಚಲುಗಳನ್ನು ಬಳ್ಳಿಗೆ ಭಾರವಾಗದಿರಲೆಂದು ನಾನೇ ಕತ್ತರಿಸಿ ತೆಗೆಯುತ್ತಿದ್ದೇನೆ, ಕೂಲಿಯವರನ್ನು ಕರೆದಿಲ್ಲ. ಕತ್ತರಿ ಹಿಡಿಯುವ ಮುಂಚೆ ಈ ಸಲ ಡಿಪೋದವರನ್ನು ಕೇಳಿದೆ, ನಿನ್ನ ಪುಸ್ತಕವನ್ನೂ ಕೇಳಿದೆ. ಸಾಲಿನ ನಡುವೆ ಹುಲ್ಲು ತಲೆಯೆತ್ತುತ್ತಿದೆ. ನಾನು ಅದನ್ನು ದಾಟಿಕೊಂಡು ಓಡಾಡುತ್ತೇನೆ.

ನನಗೆ ನಾಚಿಕೆಯಾಗಿದ್ದು ಹುಲ್ಲಿನ ವಿಷಯಕ್ಕಲ್ಲ ಮಗಳೇ. ನಿನ್ನ ವಿಷಯಕ್ಕೆ. ಬೇಲಿಯ ಆಚೆ ನಿಂತ ಒಬ್ಬ ಮನುಷ್ಯ ನಗುತ್ತಾನೆಂದು, ನನ್ನ ಮಗಳು ಹೀಗೆ ಬೆಳೆದುಬಿಟ್ಟಳಲ್ಲ, ಎಲ್ಲರ ಹಾಗೆ ಒಂದು ಅಚ್ಚುಕಟ್ಟು ತೋಟ ಮಾಡಿಕೊಂಡು ಇರಬಾರದಿತ್ತೇ ಎಂದು ನಾಚಿಕೆಪಟ್ಟೆ. ನಿನ್ನನ್ನು ಗುಡಿಸಿ, ಸುಣ್ಣ ಹೊಡೆದು, ಬಂದವರಿಗೆ ತೋರಿಸಬೇಕೆಂದಿದ್ದೆ. ಗುಂಡಿಯೊಳಗೆ ಆ ಬೇರನ್ನು ನೋಡಿದಾಗಿನಿಂದ ಊಟ ಸರಿಯಾಗಿ ಸೇರುತ್ತಿಲ್ಲ. ಐದು ವರ್ಷ ನೀನು ಕೆಳಗೆ ಏನು ಮಾಡುತ್ತಿದ್ದೀ ಎಂದು ನಾನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ನಿನ್ನಮ್ಮ ಆಶೀರ್ವಾದ ಕಳಿಸಿದ್ದಾಳೆ, ಜೊತೆಗೆ ಕೆಮ್ಮಿನ ಔಷಧಿ ಮತ್ತು ಉಣ್ಣೆಯ ಟೋಪಿ. ಟೋಪಿಯನ್ನು ತಲೆಗೆ ಹಾಕಿಕೋ. ನಿನ್ನ ಕೈಗುಣ ಅಲ್ಲಿಯ ಕಸಿಗಳನ್ನೂ ಹಿಡಿಸಲಿ, ನಿನ್ನ ಮೈಯನ್ನೂ ಕಾಯಲಿ. ಬೇಗ ಬಾ ಎನ್ನುವ ಧೈರ್ಯ ನನಗಿಲ್ಲ. ಬಂದಾಗ ಗೇಟಿನಲ್ಲಿ ಇರುತ್ತೇನೆ.

ನಿನ್ನ ಅಪ್ಪ
(ನಿವೃತ್ತ ಕೊಳವೆಬಾವಿ)

ತಾ.ಕ.: ವ್ಯಾನು ಬಂದಿದೆ, ಡ್ರೈವರ್ ಹಾರ್ನ್ ಒತ್ತುತ್ತಿದ್ದಾನೆ, ನಿನ್ನಮ್ಮ 'ಬರೆದ್ರಾ, ಅದನ್ನ ಬರೆದ್ರಾ?' ಎಂದು ತಲೆಯ ಮೇಲೇ ನಿಂತಿದ್ದಾಳೆ. ಬರೆದಿಲ್ಲ. ಗುದ್ದಲಿ ಮೇಡಂ ‘ಇದು ಯಾರ ತೀರ್ಮಾನ’ ಎಂದಾಗ ನಾನು ಏನೋ ಒಂದು ಹೇಳಿದೆ ಎಂದೆನಲ್ಲ, ಹೇಳಿದ್ದು ಇದು: ‘ಎಲ್ಲಾ ಮಗಳು ಹೇಳಿ ಹೋದ ಹಾಗೇ ಮಾಡಿದೀನಿ ಮೇಡಂ.’ ನಾಲಿಗೆ ತಾನಾಗಿ ಹೊರಳಿತು ಎನ್ನಲಾರೆ, ಯೋಚಿಸಿಯೇ ಹೇಳಿದೆ. ಅವರು ನಿನ್ನನ್ನೇ ತಪ್ಪಿತಸ್ಥೆ ಎಂದುಕೊಂಡು ಹೋದರು. ಶುಕ್ರವಾರ ಫೋನ್ ಮಾಡಿ ನಿಜ ಹೇಳಿದೆ, ಹುಲ್ಲು ಬೋಳಿಸಿದ್ದು ನಾನು, ಎಲೆ ಕೀಳಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು ಎಂದು. ಅವರು ನಂಬಲಿಲ್ಲ. ಪ್ರೀತಿಯಿಂದಲೇ, ‘ಗೊತ್ತಾಗತ್ತೆ ಸರ್, ನೀವು ತಂದೆ. ಮಗಳನ್ನ ಉಳಿಸೋಕೆ ಯಾವ ತಂದೆಯಾದ್ರೂ ಹೀಗೇ ಹೇಳ್ತಾರೆ. ಬುಧವಾರ ಅವರನ್ನೇ ಕೇಳ್ತೀವಿ, ಅವರ ಮಾತಿನ ಮೇಲೆ ತೀರ್ಮಾನ’ ಎಂದರು. ಬುಧವಾರ ನಿನಗೆ ಫೋನ್ ಬರುತ್ತದೆ. ನೀನು ಏನು ಹೇಳುತ್ತೀ ಎಂದು ನನಗೆ ಈಗಲೇ ಕೇಳಿಸುತ್ತಿದೆ: ‘ಹೌದು ಮೇಡಂ, ನಾನೇ ಹೇಳಿದ್ದೆ, ಅಪ್ಪಂದೇನೂ ತಪ್ಪಿಲ್ಲ.’ ಹೇಳಬೇಡ. ನನ್ನ ಮರ್ಯಾದೆ ಉಳಿಸಬೇಡ ಇರುವೆ, ನಿನ್ನ ತೋಟ ಉಳಿಸಿಕೋ. ನಮ್ಮಪ್ಪ ಮಾಡಿದ್ದು ಎನ್ನು, ಅಷ್ಟೇ. ಬಾಯಿ ಬರದಿದ್ದರೆ ಈ ಕಾಗದವನ್ನೇ ಅವರಿಗೆ ಓದಿ ಹೇಳು. ಜೋಕುಗಳನ್ನು ಬಿಟ್ಟು ಓದು.